ಹನ್ನೆರಡನೇ ಪದ

ಹಳೇ ಹಾಡಿನಲ್ಲಿ ತನಗೆ ನೆನಪಿರುವುದು ಹನ್ನೊಂದೇ ಪದ ಎಂದು ಮಲಾಕಿ ಟೂಹಿ ತನ್ನೂರಿನ ಶಾಲೆಯ ಟೀಚರಮ್ಮನಿಗೆ ಹೇಳಿ ಮೂರು ವಾರವಾಗಿತ್ತು. ಹೇಳುವಾಗ ನಾಲಿಗೆ ತಡವರಿಸಿರಲಿಲ್ಲ. ಅರವತ್ತೆಂಟು ವರ್ಷದ ಮುದುಕ ಮರೆತೆ ಎಂದರೆ ಅನುಮಾನ ಪಡುವವರು ಯಾರು? ಆದರೆ ಆ ಸುಳ್ಳು ಈಗ ಅಚ್ಚಾಗಿ ಬಂದು ಅವನ ಮೇಜಿನ ಮೇಲೆ ಕೂತಿತ್ತು. ಮಡಿಸಿ ನಾಲ್ಕು ಪುಟ ಮಾಡಿದ ಹಾಳೆ, ಮೇಲೆ ಚರ್ಚಿನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ: ಚರ್ಚಿನ ನಲವತ್ತನೇ ವರ್ಷದ ಹಬ್ಬಕ್ಕೆ ನಮ್ಮೂರಿನ ಹಳಿ ಹಾಕಿದವರ ಹಾಡು, ಹನ್ನೊಂದು ಪದಗಳು, ಹೇಳಿಕೊಟ್ಟವರು ಶ್ರೀ ಮಲಾಕಿ ಟೂಹಿ. ಭಾನುವಾರ ಮಕ್ಕಳು ಸಾಲಾಗಿ ನಿಂತು ಇದನ್ನೇ ಹಾಡುತ್ತಾರೆ. ತನ್ನ ಹೆಸರನ್ನು ಅಚ್ಚಿನಲ್ಲಿ ಅವನು ಜನ್ಮದಲ್ಲಿ ನೋಡಿದ್ದು ಇದೇ ಮೊದಲು. ನಿನ್ನೆ ಸಂಜೆಯಿಂದ ಹತ್ತು ಸಲ ತೆಗೆದು ನೋಡಿದ್ದ, ಹತ್ತು ಸಲವೂ ಮಗುಚಿ ಇಟ್ಟಿದ್ದ. ಈ ಗುರುವಾರ ಮಂಚದ ತುದಿಯಲ್ಲಿ ಕೂತು ಬೂಟಿಗೆ ಪಾಲಿಶ್ ತಿಕ್ಕುತ್ತ ಅವನು ಯೋಚಿಸುತ್ತಿದ್ದುದು ಇಷ್ಟೇ: ನಿನ್ನೆ ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ ಟೀಚರಮ್ಮ ಈ ಹಾಳೆಯನ್ನು ಎಲ್ಲರಿಗೂ ಹಂಚಿದಳಲ್ಲ, ಡೀಲಿಯಾಗೂ ಕೊಟ್ಟಿರುತ್ತಾಳೆ. ಡೀಲಿಯಾ ಕನ್ನಡಕ ಹಾಕಿಕೊಂಡು ಓದಿರುತ್ತಾಳೆ. ಓದಿ, ಎಣಿಸಿರುತ್ತಾಳೆ.

ಡೀಲಿಯಾ ಅವನ ಗೆಳೆಯ ಫೆಸ್ಟಸ್ ಗಿಲ್ವರಿಯ ಹೆಂಡತಿ. ಫೆಸ್ಟಸ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಮಲಾಕಿ ಅವಳ ಅಡುಗೆಮನೆಗೆ ಹೋಗುತ್ತಾನೆ, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ, ಕಪ್ಪಗೆ ಕುದಿಸಿದ ಟೀ ಎರಡು ಲೋಟ ಕುಡಿಯುತ್ತಾನೆ, ಐದಕ್ಕೆ ಎದ್ದು ಬರುತ್ತಾನೆ. ಅಷ್ಟೇ. ಇದರ ಮೇಲೆ ಊರಿನಲ್ಲಿ ಯಾರೂ ಕಥೆ ಕಟ್ಟಲಿಲ್ಲ. ಕಟ್ಟಿದ್ದರೆ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತೋ ಏನೋ. ಮದುವೆ ಎನ್ನುವುದು ಅವನ ಪಾಲಿಗೆ ಯಾವಾಗಲೂ ಮುಂದಿನ ಸ್ಟೇಷನ್ನಿನಲ್ಲಿತ್ತು, ಆ ಸ್ಟೇಷನ್ನು ಬರುವ ಮೊದಲೇ ಕೂದಲು ಬೆಳ್ಳಗಾಗಿತ್ತು. ಅದಕ್ಕೆ ಅವನೇನೂ ಕೊರಗಿದವನಲ್ಲ. ಕುದುರೆ ಜೀನು ಹೊಲಿಯುವವನ ಅಂಗಡಿಯ ಮೇಲೆ ಒಂದು ಕೋಣೆ, ಚರ್ಮದ ವಾಸನೆ, ಬೆಳಗಿನ ಹೊತ್ತು ಕಿಟಕಿಯಲ್ಲಿ ಬೀಳುವ ಬಿಸಿಲು, ಗುರುವಾರದ ಆ ಎರಡು ತಾಸು. ಮನುಷ್ಯನಿಗೆ ಇದಕ್ಕಿಂತ ಏನು ಬೇಕು ಎಂದು ಅವನು ನಿಜವಾಗಿಯೂ ಕೇಳಿಕೊಳ್ಳುತ್ತಿದ್ದ, ಉತ್ತರವೂ ಸಿಕ್ಕಿಬಿಡುತ್ತಿತ್ತು: ಏನೂ ಬೇಡ. ಈಗ ಆ ಕುರ್ಚಿಗೇ ಕುತ್ತು ಬಂದಿತ್ತು. ಹನ್ನೆರಡನೇ ಪದ ಯಾಕೆ ಬಿಟ್ಟೆ ಎಂದು ಅವಳು ಕೇಳಿದರೆ ಸುಳ್ಳು ಹೇಳಬೇಕು, ಇಲ್ಲವೆ ನಿಜ ಹೇಳಬೇಕು. ಸುಳ್ಳು ಹೇಳಿ ಆ ಕುರ್ಚಿಯಲ್ಲಿ ಕೂರಲು ತನ್ನಿಂದಾಗದು ಎಂದು ಅವನಿಗೆ ಗೊತ್ತಿತ್ತು. ನಿಜ ಹೇಳಿದರೆ ಅವಳೇ ಕೂರಿಸುವುದಿಲ್ಲ.

ಬೂಟು ಕನ್ನಡಿಯಂತಾಯಿತು. ಆದರೂ ತಿಕ್ಕಿದ.

ಹಾಡು ಅವರದ್ದೇ. ಐರ್ಲೆಂಡಿನ ಮೇಯೋ ಸೀಮೆಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾದ ಈ ಗುಡ್ಡಗಳಿಗೆ ಬಂದು ಬಿದ್ದ ಹನ್ನೆರಡು ಮಂದಿಯ ಗ್ಯಾಂಗು. ಒಬ್ಬೊಬ್ಬರ ಮೇಲೆ ಒಂದೊಂದು ಪದ, ನಾಲ್ಕು ನಾಲ್ಕು ಸಾಲು. ಹೊಗಳಿಕೆ ಒಂದರಲ್ಲೂ ಇಲ್ಲ. ಹೆನೆಹಾನ್ ಸುರಂಗದ ಕತ್ತಲೆಗೆ ಹೆದರಿ ಕಣ್ಣು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ, ಮುಚ್ಚಿದರೆ ಅದು ತನ್ನದೇ ಕತ್ತಲೆಯಾಗುತ್ತದಂತೆ. ಅದು ಒಂದು ಪದ. ಕೀವನಿ ಅಣ್ಣತಮ್ಮಂದಿರು ಒಂದೇ ಒಳ್ಳೆಯ ಅಂಗಿ ಇಟ್ಟುಕೊಂಡು ಭಾನುವಾರದ ಪೂಜೆಗೆ ಸರದಿಯ ಮೇಲೆ ಹೋಗುತ್ತಿದ್ದರು. ಅದು ಎರಡು ಪದ, ಇಬ್ಬರಿಗೂ ಒಂದೊಂದು, ಜಗಳ ಬರಬಾರದೆಂದು. ಮಲಾಕಿಯ ಪದದಲ್ಲಿ ಅವನ ದನಿಗೆ ಹೆದರಿ ಕಂಬಿಯೇ ತಾನಾಗಿ ಎದ್ದು ನಡೆಯುತ್ತಿತ್ತು. ಹನ್ನೆರಡರಲ್ಲಿ ಐವರು ಮೊದಲ ಬೇಸಿಗೆಯ ಜ್ವರದಲ್ಲಿ, ಆಮೇಲೆ ಬಂಡೆ ಸಿಡಿಸುವಾಗ, ಹೋಗಿಬಿಟ್ಟರು. ಹಳಿಯ ಏರಿಯ ಮಣ್ಣಿನಲ್ಲೇ ಎಲ್ಲೋ ಅವರನ್ನು ಹುಗಿದಿದ್ದು, ಶಿಲುಬೆಯಿಲ್ಲ, ಕಲ್ಲಿಲ್ಲ. ಮೇಲೆ ರೈಲು ಓಡುತ್ತದೆ. ಉಳಿದಿರುವುದು ಹಾಡಿನಲ್ಲಿ, ಅದೂ ಅವರ ಪೆದ್ದುತನವೊಂದೇ. ಟೀಚರಮ್ಮ ಮಿಸ್ ಕ್ಯೂಸಾಕ್ ಇದನ್ನೆಲ್ಲ ಬರೆದುಕೊಳ್ಳುತ್ತ ಮೂಗು ಒರೆಸಿಕೊಂಡಿದ್ದಳು. ಬರೆದು ಮುಗಿಸಿ, ನೆನಪಿರುವುದು ಇಷ್ಟೇ ಎಂದು ಅವನು ಹೇಳಿದ ಮೇಲೂ, “ಟೂಹಿಯವರೇ, ಗಿಲ್ವರಿಯವರ ಮೇಲೂ ಒಂದು ಇದೆ ಅಂತಾರಲ್ಲ ಊರಲ್ಲಿ, ಬ್ರೆಡ್ಡಿನದು?” ಎಂದು ಕೇಳಿದ್ದಳು. “ಅದು ನಮ್ಮದಲ್ಲಮ್ಮ, ಬೇರೆ ಗ್ಯಾಂಗಿನೋರು ಆಮೇಲೆ ಸೇರ್ಸಿದ್ದು,” ಎಂದಿದ್ದ. ಎಷ್ಟು ಸಲೀಸಾಗಿ! ಗುರುವನ್ನೇ ಅರಿಯೆನೆಂದ ಬೈಬಲಿನ ಶಿಷ್ಯನಿಗೆ ಕೂಗಿದಂತೆ ಕೋಳಿಯೊಂದು ಕೂಗಲಿಲ್ಲ, ಅಷ್ಟೇ.

ಎರಡೂವರೆಗೆ ಹೊರಟ. ರಸ್ತೆ ಹಿಡಿದು ಹೋಗಬಹುದಿತ್ತು, ಆದರೆ ಕಾಲುಗಳು ಹಳಿಯ ಕಡೆಗೇ ನಡೆದವು. ಇಪ್ಪತ್ತು ವರ್ಷ ಹ್ಯಾಕೆಟ್ಸ್ ಬೆಂಡ್ ಎಂಬ ಈ ತಿರುವಿನ ಹಳಿಗೆ ಮೇಸ್ತ್ರಿಯಾಗಿದ್ದವನ ಕಾಲು. ಅಕ್ಟೋಬರದ ತೆಳು ಬಿಸಿಲು, ಜಲ್ಲಿಯ ನಡುವೆ ಒಣಗಿದ ಹುಲ್ಲು, ಎಲ್ಲೋ ಎಲೆ ಸುಡುತ್ತಿರುವ ಹೊಗೆ. ತಿರುವಿನಲ್ಲಿ ಇಟಲಿಯವರ ಗ್ಯಾಂಗು ಹಳೇ ಕಂಬಿ ಕಿತ್ತು ಹೊಸದು ಹಾಕುತ್ತಿತ್ತು. ಈಗ ಎಲ್ಲ ಗ್ಯಾಂಗೂ ಅವರದ್ದೇ. ಎಂಟು ಮಂದಿ, ಜೋಡಿ ಜೋಡಿ, ಕೈಯಲ್ಲಿ ಉದ್ದ ಹಿಡಿಯ ಇಕ್ಕಳ. ಒಬ್ಬ ಅವರ ಭಾಷೆಯಲ್ಲಿ ಹಾಡುತ್ತಿದ್ದ. ಮಲಾಕಿ ನಿಂತ. ಒಂದಕ್ಷರ ತಿಳಿಯದಿದ್ದರೂ ಎಲ್ಲಿ ಬಗ್ಗಬೇಕು, ಎಲ್ಲಿ ಎತ್ತಬೇಕು ಎಂದು ಅವನ ಬೆನ್ನಿಗೆ ತಿಳಿಯುತ್ತಿತ್ತು. ಮೊದಲ ಸಾಲಿಗೆ ಬಗ್ಗಿ ಹಿಡಿ, ಎರಡನೆಯದಕ್ಕೆ ಎತ್ತು, ಮೂರನೆಯದಕ್ಕೆ ನಡೆ, ನಾಲ್ಕನೆಯದಕ್ಕೆ ಇಳಿಸು. ಎಲ್ಲ ದೇಶದ ಕಂಬಿಗೂ ಒಂದೇ ತೂಕ ತಾನೆ. ಕಂಬಿ ಮೇಲೆದ್ದಿತು, ಎಂಟು ಮಂದಿ ಸಣ್ಣ ಹೆಜ್ಜೆಯಲ್ಲಿ ನಡೆದರು, ಹಾಡುವವನು ಏನೋ ಅಂದ, ಸಾಲಿನ ಕೊನೆಯಲ್ಲಿದ್ದ ಮೀಸೆಯವನ ಮುಖದ ಮೇಲೆ ನಗು ಏಳುವುದು ಮಲಾಕಿಗೆ ಕಾಣಿಸಿತು.

“ನಗ್ಬೇಡ್ರೋ!” ಎಂದು ಕೂಗಿಬಿಟ್ಟ. “ಇಳಿಸ್ರೋ! ಇಳಿಸಿ ನಗ್ರೋ!”

ಅವನ ದನಿ ಇನ್ನೂ ಹಾಗೆಯೇ ಇತ್ತು, ಗುಡ್ಡಕ್ಕೆ ಹೊಡೆದು ವಾಪಸು ಬಂತು. ಅವರು ಗಾಬರಿಯಾಗಿ ಕಂಬಿಯನ್ನು ಮೆಲ್ಲಗೆ ಇಳಿಸಿದರು, ಸುತ್ತ ನೋಡಿದರು, ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಕರಿ ಕೋಟಿನ ಮುದುಕನನ್ನು ನೋಡಿದರು. ಆಮೇಲೆ ನಕ್ಕರು, ಹೊಟ್ಟೆ ತುಂಬ. ಅವರ ಮೇಸ್ತ್ರಿ, ಮೂವತ್ತರ ಆಸುಪಾಸಿನವನು, ಬಂದು ಮಲಾಕಿಯ ಮೊಣಕೈ ಹಿಡಿದು ಹಳಿಯಿಂದಾಚೆ ಇಳಿಸಿದ, ಎಡವಿ ಬೀಳುವ ಮಗುವನ್ನು ಇಳಿಸುವಂತೆ. “ತಾತಾ, ಮನೆ ಎಲ್ಲಿ ನಿಮ್ದು? ಯಾರಾದ್ರೂ ಜೊತೆಗೆ ಬರ್ಲಾ?” ಎಂದು ಹರಕು ಮುರುಕು ಮಾತಿನಲ್ಲಿ ಕೇಳಿದ. ಈ ಹಳಿಯ ಅಡಿಯ ಒಂದೊಂದು ಸ್ಲೀಪರ್ ತೊಲೆಯೂ ನನ್ನ ಕೈಯಿಂದ ಮಲಗಿದ್ದು ಕಣಯ್ಯ ಎನ್ನಬೇಕೆನಿಸಿತು. ಆದರೆ ಟೋಪಿ ಮುಟ್ಟಿ ಮುಂದೆ ನಡೆದ. ಕಿವಿ ಉರಿಯುತ್ತಿತ್ತು, ಬೆನ್ನ ಹಿಂದೆ ಯಾವನೋ ಅವನ ಕೂಗನ್ನು ಅಣಕಿಸುತ್ತಿದ್ದ, ಅದೂ ಸ್ವಲ್ಪವೂ ತಪ್ಪಿಲ್ಲದೆ.

ಕಂಬಿ ಕೈಯಲ್ಲಿರುವಾಗ ಹೊಸ ಪದ ಹಾಡಬಾರದು. ಇದು ಮುದುಕ ಡೌಡ್ ಕಲಿಸಿದ ಮೊದಲ ಪಾಠ; ಮಲಾಕಿಗಿಂತ ಮುಂಚೆ ಗ್ಯಾಂಗಿಗೆ ಪದ ಹೇಳುತ್ತಿದ್ದವನು ಡೌಡ್. ಹೊಸದನ್ನು ಊಟಕ್ಕೆ ಕೂತಾಗ ಹಾಡು, ಅನ್ನುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗಲಿ, ನಕ್ಕು ನಕ್ಕು ಸುಸ್ತಾಗಲಿ, ಇನ್ನು ಸಾಕು ಮಾರಾಯ ಅನ್ನಲಿ, ಆಮೇಲೆ ಅದನ್ನು ಕಂಬಿಗೆ ತಾ. ನಗು ಸತ್ತ ಪದವೇ ಕೆಲಸಕ್ಕೆ ಬರೋದು. ಮಲಾಕಿ ನಾಲ್ಕು ವರ್ಷ ಹಾಗೆಯೇ ನಡೆದುಕೊಂಡ. ಆ ಸೋಮವಾರ ಮಾತ್ರ, ಮೂವತ್ತೆಂಟು ವರ್ಷದ ಹಿಂದಿನ ಸೋಮವಾರ, ಬೆಳಿಗ್ಗೆ ಬೂಟಿನ ಲೇಸು ಕಟ್ಟುವಾಗ ಪದ ಹುಟ್ಟಿತು, ಮಧ್ಯಾಹ್ನದವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಹೊಸ ಬಟ್ಟೆ ಹೊಲಿಸಿಕೊಂಡವನಿಗೆ ಹಬ್ಬದವರೆಗೆ ಕಾಯಲಾಗುವುದೇ? ಫೆಸ್ಟಸ್ ಮೂರು ವರ್ಷದಿಂದ ಪ್ರತಿ ಶನಿವಾರ ಬೇಕರಿಯ ಡೀಲಿಯಾಳ ಮುಂದೆ ಹೋಗಿ ನಿಲ್ಲುತ್ತಿದ್ದ, ಮದುವೆಯಾಗ್ತೀಯಾ ಎಂದು ಕೇಳಲೆಂದು. ಪ್ರತಿ ಶನಿವಾರ ಒಂದು ಬ್ರೆಡ್ಡು ಕೊಂಡು ಬರುತ್ತಿದ್ದ. ಇಡೀ ಗ್ಯಾಂಗಿಗೆ ಬ್ರೆಡ್ಡು ತಿಂದು ತಿಂದು ಬೇಜಾರಾಗಿತ್ತು. ಕಂಬಿ ಮೇಲೆದ್ದಿತ್ತು, ಹೊಸಬರೂ ಸೇರಿ ಎಂಟು ಮಂದಿ ಹೆಜ್ಜೆ ಹಾಕುತ್ತಿದ್ದರು, ಮಲಾಕಿ ಎದೆ ತುಂಬಿ ಹಾಡಿದ:

ಶನಿವಾರಕ್ಕೊಂದು ಬ್ರೆಡ್ಡು ಕೊಂಡ ನಮ್ಮ ಫೆಸ್ಟಿ ದಡ್ಡ,
ಮದುವೆ ಮಾತು ಕೇಳೋಕ್ಹೋದ್ರೆ ನಾಲಿಗೆ ಬಂತು ಅಡ್ಡ,
ಮೂರು ವರ್ಷ ತಿಂದೂ ತಿಂದೂ ಹೊಟ್ಟೆ ಆಯ್ತು ಗುಡ್ಡ...

ಅಷ್ಟೇ. ನಾಲ್ಕನೇ ಸಾಲು ಬರುವ ಮೊದಲೇ ಕಂಬಿ ಕೆಳಗಿತ್ತು, ಅದರ ಕೆಳಗೆ ಫೆಸ್ಟಸ್‌ನ ಎಡಗಾಲಿನ ಪಾದವಿತ್ತು. ವಿಚಾರಣೆಗೆ ಬಂದ ಸಾಹೇಬ ಕೇಳಿದಾಗ ಫೆಸ್ಟಸ್ ಹಾಸಿಗೆಯಲ್ಲಿ ಮಲಗಿದ್ದವನೇ ಹೇಳಿದ: ಸ್ಲೀಪರ್ ಒದ್ದೆಯಾಗಿತ್ತು ಸ್ವಾಮಿ, ನಾನೇ ಜಾರಿದೆ. ಉಳಿದವರೂ ಅದನ್ನೇ ಹೇಳಿದರು. ಮಲಾಕಿ ಏನೂ ಹೇಳಲಿಲ್ಲ, ಹೇಳದೇ ಇದ್ದುದಕ್ಕೆ ಅವನ ಕೆಲಸ ಉಳಿಯಿತು. ಐದು ವರ್ಷ ಕಳೆದು ಮೇಸ್ತ್ರಿಯೂ ಆದ. ಪಾದ ಕತ್ತರಿಸಿದ ಮೇಲೆ ಡೀಲಿಯಾಳೇ ಆಸ್ಪತ್ರೆಗೆ ಹೋಗಿ ಮದುವೆಯ ಮಾತು ಎತ್ತಿದಳಂತೆ, ಫೆಸ್ಟಸ್ ಬೇಕರಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಇಪ್ಪತ್ತೊಂಬತ್ತು ವರ್ಷ ಹಿಟ್ಟು ನಾದಿದ. ಪದ ಮಾತ್ರ ಯಾರ ಬಾಯಲ್ಲೋ ಹತ್ತಿ ಹಳಿಯ ಉದ್ದಕ್ಕೂ ಊರೂರು ಸುತ್ತಿತು, ಮೂರೇ ಸಾಲಾಗಿ; ನಾಲ್ಕನೆಯದು ಗೊತ್ತಿಲ್ಲದ್ದರಿಂದ ಎಲ್ಲರೂ ಅಲ್ಲಿ ಬರೀ ರಾಗ ಗುನುಗುತ್ತಾರೆ. ಮಗಳ ಮದುವೆಯಲ್ಲಿ ಫೆಸ್ಟಸ್ ಬಿಯರ್ ಲೋಟ ಎತ್ತಿ, “ನನ್ನ ಪದ ಹಾಡೋ ಮಲಾಕಿ!” ಎಂದು ಕೂಗಿದ್ದ. ಗಂಟಲು ಕಟ್ಟಿದೆ ಎಂದು ಮಲಾಕಿ ಹೊರಗೆ ಹೋಗಿ ಕತ್ತಲಲ್ಲಿ ನಿಂತಿದ್ದ. ಒಳಗೆ ಎಲ್ಲರೂ ಹಾಡಿ, ಗುನುಗಿ, ನಕ್ಕಿದ್ದರು.

ಡೀಲಿಯಾಳ ಹಿತ್ತಲ ಬಾಗಿಲು ಎಂದಿನಂತೆ ತೆರೆದೇ ಇತ್ತು. ಅವಳು ಮೇಜಿನ ಮುಂದೆ ನಿಂತು ಹಿಟ್ಟು ನಾದುತ್ತಿದ್ದಳು. ಬೇಕರಿಯನ್ನು ಅಳಿಯನಿಗೆ ಬಿಟ್ಟುಕೊಟ್ಟಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಗುಂಡಗಿನ ಮೈ, ಮೊಣಕೈವರೆಗೆ ಮಡಿಸಿದ ತೋಳು, ತಿರುಗಿ ನೋಡಲಿಲ್ಲ. ಒಲೆಯ ಮೇಲೆ ಟೀ ಕುದಿಯುತ್ತಿತ್ತು, ಅಷ್ಟರಮಟ್ಟಿಗೆ ಧೈರ್ಯ ಬಂತು. ಆದರೆ ಅವನ ಕುರ್ಚಿಯ ಮೇಲೆ, ನಟ್ಟನಡುವೆ, ಅದೇ ಅಚ್ಚಿನ ಹಾಳೆ ಇತ್ತು. ಎತ್ತದೆ ಕೂರುವಂತಿರಲಿಲ್ಲ. ಎತ್ತಿಕೊಂಡ. ಎತ್ತಿಕೊಂಡ ಮೇಲೆ ಕೂರಲು ಧೈರ್ಯ ಸಾಲಲಿಲ್ಲ.

“ಎಣಿಸು,” ಅಂದಳು ಡೀಲಿಯಾ.

“ಏನನ್ನ?”

“ಏನನ್ನ ಅಂತೆ! ಪದಗಳನ್ನ ಎಣಿಸು. ನಾನು ನಿನ್ನೆಯಿಂದ ನಾಲ್ಕು ಸಲ ಎಣಿಸ್ದೆ. ಕಣ್ಣು ಮಂಜಾಗಿದೆ, ತಪ್ಪಿರ್ಬೋದು ಅಂತ.”

“ಹನ್ನೊಂದು.”

“ನನ್ನ ಗಂಡ ಎಲ್ಲಿ?”

ಮಲಾಕಿ ಬಾಯಿ ತೆರೆದ.

“ಮರ್ತೆ ಅಂತ ಮಾತ್ರ ಅನ್ಬೇಡ,” ಅವಳು ಹಿಟ್ಟನ್ನು ಎತ್ತಿ ಮೇಜಿಗೆ ಬಡಿದಳು. “ಟೀಚರಮ್ಮನ್ನ ಕೇಳ್ದೆ. ಅದು ಬೇರೆ ಗ್ಯಾಂಗಿನೋರು ಸೇರ್ಸಿದ್ದು ಅಂತ ಟೂಹಿಯವರೇ ಹೇಳಿದ್ರು ಅಂದ್ಲು. ನಂಗೆ ಮುಖ ಎಲ್ಲಿಡ್ಬೇಕು ಗೊತ್ತಾಗ್ಲಿಲ್ಲ. ಪಕ್ಕದಲ್ಲಿ ಕೀವನಿ ಹೆಂಡ್ತಿ ನಿಂತಿದ್ಲು, ಅವಳ ಮನೇದು ಎರಡು ಪದ, ಗಂಡಂದೊಂದು, ಮೈದುನಂದೊಂದು! ಅವನ ಗೋರಿಗೆ ಕಲ್ಲು ಹಾಕ್ಸಿದೀನಿ, ನಿಜ. ಕಲ್ಲಲ್ಲಿ ಏನಿದೆ ಹೇಳು? ಹೆಸರು, ಎರಡು ತಾರೀಖು. ಅವನು ಎಂಥೋನು ಅಂತ ಇದ್ದಿದ್ದು ಆ ಪದದಲ್ಲಿ ಕಣಯ್ಯ. ಸಂಕೋಚದ ಮುದ್ದೆ, ಬಾಯಿ ಬಿಡ್ದೆ ಬ್ರೆಡ್ಡು ಕೊಂಡ್ಕೊಂಡು ಹೋಗೋನು. ನಾಳೆ ಈ ಮಕ್ಕಳಿಗೆ ಅಂಥೋನೊಬ್ಬ ಇದ್ದ ಅಂತಾನೇ ಗೊತ್ತಿರಲ್ಲ. ನೀನು ಅವನ ಸ್ನೇಹಿತ. ನೀನೇ ಅಳಿಸ್ಬಿಟ್ಯಲ್ಲ! ಯಾಕೆ? ಅವನು ನಿಂಗೇನು ಮಾಡಿದ್ದ?”

ಅವಳು ಸಿಟ್ಟಾಗುತ್ತಾಳೆ ಎಂದು ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ, ಆದರೆ ಈ ಸಿಟ್ಟಿಗೆ ಅವನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಆ ಪದ ಅವಳಿಗೆ ಅವಮಾನವೆಂದೇ ಇಷ್ಟು ವರ್ಷ ತಿಳಿದಿದ್ದ. ತಾನು ಮುಚ್ಚಿಡುತ್ತಿದ್ದುದು ತನ್ನ ತಪ್ಪನ್ನು, ಮುಚ್ಚಿಹೋದದ್ದು ಫೆಸ್ಟಸ್. ಕೈಯಲ್ಲಿದ್ದ ಹಾಳೆಯಲ್ಲಿ ತನ್ನ ಹೆಸರು ಎಷ್ಟು ದಪ್ಪಗೆ ಕಾಣುತ್ತಿದೆ, ಛೆ. ಕುರ್ಚಿಯನ್ನೊಮ್ಮೆ ನೋಡಿದ. ಹಿಂಬದಿಯ ಕೋಲೊಂದು ಸಡಿಲವಾಗಿತ್ತು, ಮುಂದಿನ ಗುರುವಾರ ಅಂಟು ತಂದು ಕೂರಿಸಬೇಕು ಎಂದುಕೊಂಡಿದ್ದ. ಇನ್ನು ಯಾವ ಮುಂದಿನ ಗುರುವಾರ.

“ಅವನ ಕಾಲು ಹೋಗಿದ್ದು ನನ್ನಿಂದ, ಡೀಲಿಯಾ,” ಅಂದ.

ನಿಂತೇ ಹೇಳಿದ. ಡೌಡ್ ಹಾಕಿದ್ದ ನೇಮ, ಬೂಟಿನ ಲೇಸು ಕಟ್ಟುವಾಗ ಹುಟ್ಟಿದ ಪದ, ಹೊಟ್ಟೆಯಲ್ಲಿ ನಿಲ್ಲದ ತನ್ನ ಹೆಚ್ಚುಗಾರಿಕೆ, ಮೇಲೆದ್ದ ಕಂಬಿ, ಮೂರು ಸಾಲು. ಸ್ಲೀಪರ್ ಒದ್ದೆ ಇರಲಿಲ್ಲ, ವಾರದಿಂದ ಮಳೆಯೇ ಬಂದಿರಲಿಲ್ಲ. ಕಂಬಿ ಕೈಯಲ್ಲಿ ಹಿಡಿದವರನ್ನು ತಾನು ನಗಿಸಿದೆ. ಸಾಹೇಬನ ಮುಂದೆ ಬಾಯಿ ಮುಚ್ಚಿಕೊಂಡೆ. ಆಮೇಲೆ ಅದನ್ನು ತೆರೆಯುವ ದಿನ ಬರಲೇ ಇಲ್ಲ, ಬಂದ ದಿನವೆಲ್ಲ ನಾಳೆ ಅಂದುಕೊಂಡೆ. ಹೇಳಿ ಮುಗಿದಾಗ ಟೀ ಉಕ್ಕಿ ಒಲೆಯ ಮೇಲೆ ಚುರ್ರೆಂದಿತು, ಇಬ್ಬರೂ ಇಳಿಸಲಿಲ್ಲ.

ಡೀಲಿಯಾ ಹಿಟ್ಟಿನ ಕೈಯಲ್ಲೇ ಸ್ಟೂಲಿನ ಮೇಲೆ ಕೂತಳು. ಬಾಗಿಲು ತೋರಿಸುತ್ತಾಳೆ ಎಂದು ಅವನು ಟೋಪಿಯನ್ನು ಕೈಗೆ ತೆಗೆದುಕೊಂಡ.

“ಯಾರ್ಯಾರು ನಕ್ರು?” ಎಂದಳು.

“ಎಲ್ರೂ.”

“ಅವನು?”

“ಯಾರು, ಫೆಸ್ಟಿನಾ?”

“ಇನ್ಯಾರು ಮತ್ತೆ! ಅವನು ನಕ್ನಾ?”

“ಮೊದಲು ನಕ್ಕೋನೇ ಅವನು. ಎಲ್ರಿಗಿಂತ ಜೋರಾಗಿ. ಗೊತ್ತಲ್ಲ ಅವನ ನಗು, ಕತ್ತೆ ಕೂಗಿದ ಹಾಗೆ. ನಕ್ಕಿದ್ದಕ್ಕೇ ಅವನ ಇಕ್ಕಳ ಸಡಿಲ ಆಯ್ತು. ಅವನು ಬಿಟ್ಟ ಮೇಲೆ ಉಳಿದೋರು.”

“ನಗ್ತಾ ಇದ್ದ,” ಅಂದಳು ಅವಳು, ಅವನಿಗಲ್ಲ. “ಬಿದ್ದಾಗ ಅವನು ನಗ್ತಾ ಇದ್ದ.”

ಅವಳ ಕಣ್ಣಿನಿಂದ ನೀರಿಳಿಯುವುದನ್ನು ನೋಡಿ ಮಲಾಕಿ ಹೊರಟುಹೋಗಬೇಕೋ, ನಿಲ್ಲಬೇಕೋ ತಿಳಿಯದೆ ಟೀ ಇಳಿಸಿದ. ಅವಳು ಮುಂಗೈಯಿಂದ ಕೆನ್ನೆ ಒರೆಸಿಕೊಂಡಳು, ಹಿಟ್ಟು ಹತ್ತಿತು. ಆಮೇಲೆ ಅವಳು ಹೇಳಿದ್ದನ್ನು ಅವನು ಒಲೆಯ ಪಕ್ಕ ನಿಂತೇ ಕೇಳಿದ. ಕಂಬಿ ಬಿದ್ದ ಸೋಮವಾರದ ಹಿಂದಿನ ಶನಿವಾರ ಫೆಸ್ಟಸ್ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಎಲ್ಲಿಂದಲೋ ಹೊಸ ಕಾಲರು ತಂದು ಹಾಕಿಕೊಂಡು ಬಂದಿದ್ದನಂತೆ. ಇವತ್ತು ಕೇಳಿಯೇ ಕೇಳುತ್ತಾನೆ ಎಂದು ಅವಳಿಗೆ ಗೊತ್ತಾಗಿತ್ತು. ಆದರೆ ಬೆಳಿಗ್ಗೆಯಷ್ಟೇ ಕೈ ಸುಟ್ಟುಕೊಂಡಿದ್ದಳು, ಅಂಗಡಿ ತುಂಬ ಜನ, ಅವನು ಮುಂದೆ ನಿಂತು ಬಾಯಿ ತೆರೆಯುವುದು, ಮುಚ್ಚುವುದು. “ಬ್ರೆಡ್ಡು ಬೇಕಾದ್ರೆ ತಗೊ, ಇಲ್ಲಾಂದ್ರೆ ದಾರಿ ಬಿಡು ಮಹರಾಯ, ಹಿಂದೆ ಜನ ನಿಂತಿದಾರೆ ಅಂದ್ಬಿಟ್ಟೆ. ಎಲ್ರ ಮುಂದೆ. ಅವನು ಬ್ರೆಡ್ಡು ತಗೊಂಡು ಹೋದ. ಸೋಮವಾರ ಕಾಲು ಹೋಯ್ತು.”

“ಡೀಲಿಯಾ...”

“ಸುಮ್ನಿರು. ಮನಸ್ಸು ಮುರ್ಕೊಂಡು, ಯೋಚನೆ ಮಾಡ್ತಾ ಮಾಡ್ತಾ ಜಾರಿದ ಅಂತ ನಾನು ಅಂದ್ಕೊಂಡೆ. ಮದುವೆ ಆದ್ಮೇಲೆ ಒಂದ್ಸಲ ಕೇಳ್ದೆ, ಕಂಬಿ ಬಿದ್ದಾಗ ಏನು ಯೋಚನೆ ಮಾಡ್ತಿದ್ದೆ ಅಂತ. ನಿನ್ನದೇ ಅಂದ. ನೋಡು, ಅಷ್ಟೇ ಸಾಕಾಯ್ತು ನಂಗೆ. ಮೂವತ್ತೆಂಟು ವರ್ಷ ಮಲಾಕಿ! ಅವನ ಕಟ್ಟಿಗೆ ಕಾಲು ನೆಲಕ್ಕೆ ಟಕ್ ಅಂದಾಗೆಲ್ಲ ದಾರಿ ಬಿಡು, ದಾರಿ ಬಿಡು ಅಂತ ಕೇಳ್ಸೋದು. ಎಷ್ಟು ಜಪಮಾಲೆ ತಿರುಗ್ಸಿದೀನಿ, ಪಾದ್ರಿಗೆ ಎಷ್ಟು ಸಲ ಹೇಳ್ಕೊಂಡಿದೀನಿ. ಅವನೋ, ಕತ್ತೆ ಥರ ನಗ್ತಿದ್ನಂತೆ!”

ಹೆಗಲ ಮೇಲಿದ್ದ ಹಿಟ್ಟಿನ ಕೈ ಒರೆಸುವ ಬಟ್ಟೆಯನ್ನು ಸೆಳೆದು ಅವನ ತೋಳಿಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಕರಿ ಕೋಟಿನ ಮೇಲೆ ಬಿಳಿ ಗೆರೆಗಳು ಮೂಡಿದವು. “ಪ್ರತಿ ಗುರುವಾರ ಇಲ್ಲಿ ಕೂತು ಟೀ ಕುಡಿದ್ಯಲ್ಲೋ! ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಡ್ಬಾರ್ದಿತ್ತಾ?” ಅವನು ತಪ್ಪಿಸಿಕೊಳ್ಳಲಿಲ್ಲ. ಹೊಡೆತ ನೋಯುತ್ತಲೂ ಇರಲಿಲ್ಲ. ನೋವಾದದ್ದು ಬೇರೆ ಕಡೆ: ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ ಕಂಬಿಯ ಇನ್ನೊಂದು ತುದಿಯನ್ನು ಇವಳು ಹಿಡಿದುಕೊಂಡಿದ್ದಳು, ಅದೂ ಇದೇ ಅಡುಗೆಮನೆಯಲ್ಲಿ, ತನಗೆ ಟೀ ಬಗ್ಗಿಸುತ್ತ.

“ತಪ್ಪಾಯ್ತು,” ಅಂದ. ಆ ಮಾತು ಇಷ್ಟು ಚಿಕ್ಕದೆಂದು ಅವನಿಗೆ ಗೊತ್ತಿರಲಿಲ್ಲ.

ಅವಳು ಬಟ್ಟೆಯನ್ನು ಮೇಜಿನ ಮೇಲೆ ಎಸೆದಳು. ಏದುಸಿರು ಬಂದಿತ್ತು. “ಹಾಡು,” ಅಂದಳು.

“ಈಗ್ಲಾ?”

“ಇಲ್ಲ, ಮುಂದಿನ ವರ್ಷ! ಹಾಡು. ನಿನ್ನ ಬಾಯಿಂದ ನಾನು ಕೇಳೇ ಇಲ್ಲ. ಅವತ್ತು ಹೆಂಗೆ ಹಾಡಿದ್ಯೋ ಹಂಗೆ.”

ಮಲಾಕಿ ಟೋಪಿಯನ್ನು ಕುರ್ಚಿಯ ಮೇಲಿಟ್ಟು ಶುರು ಮಾಡಿದ. ಮೊದಲ ಸಾಲನ್ನು ಮೆಲ್ಲಗೆ, ಮಾತಿನಂತೆ ಹೇಳಿದ. ಎರಡನೆಯದಕ್ಕೆ ಹಳೇ ದನಿ ತಾನಾಗಿ ಎದ್ದು ಬಂತು, ಕಪಾಟಿನ ತಟ್ಟೆಗಳು ಗಲಗಲ ಎಂದವು. ಮೂರನೆಯದರ ಕೊನೆಗೆ, ಹೊಟ್ಟೆ ಗುಡ್ಡವಾಗುವಲ್ಲಿ, ಡೀಲಿಯಾ ಫಕ್ಕನೆ ನಕ್ಕುಬಿಟ್ಟಳು. ಅವನು ನಿಂತುಬಿಟ್ಟ. ಎರಡೂ ಕೈ ಮುಂದಕ್ಕೆ ಚಾಚಿದ್ದವು, ಏನನ್ನೋ ಹಿಡಿಯಲು ಹೋದಂತೆ.

“ಆಮೇಲೆ?” ಅಂದಳು.

“ಏನು ಆಮೇಲೆ?”

“ನಾಲ್ಕನೇ ಸಾಲು. ಎಲ್ರೂ ಹ್ಞೂಂ ಹ್ಞೂಂ ಅಂತ ಗುನುಗ್ತಾರಲ್ಲ ಅಲ್ಲಿ. ಫೆಸ್ಟಿ ಸಾಯೋವರೆಗೂ ತಲೆ ಕೆಡಿಸ್ಕೊಂಡಿದ್ದ. ಆಸ್ಪತ್ರೆಲಿ ನಿನ್ನ ಕೇಳಿದ್ದಕ್ಕೆ, ಸಾಲೇ ಇಲ್ಲ ಅಂದ್ಯಲ್ಲ?”

“ನೀನು ಪಕ್ಕದಲ್ಲೇ ಕೂತಿದ್ದೆ, ಡೀಲಿಯಾ. ಹೆಂಗೆ ಹೇಳ್ಲಿ?”

“ನನ್ನ ಮೇಲಾ ಅದು?” ಅವಳು ಸೊಂಟದ ಮೇಲೆ ಕೈಯಿಟ್ಟಳು. “ಹಂಗಾದ್ರೆ ಇನ್ನೂ ಹಾಡ್ಬೇಕು.”

ಅರವತ್ತೆಂಟು ವರ್ಷದ ಮಲಾಕಿ ಟೂಹಿ ಕುತ್ತಿಗೆಯವರೆಗೆ ಕೆಂಪಾದ. ಎಲ್ಲಿ ನೋಡಬೇಕೆಂದು ತಿಳಿಯದೆ ಒಲೆಯನ್ನು ನೋಡುತ್ತ, ಮೂವತ್ತೆಂಟು ವರ್ಷ ಗಾಳಿಯಲ್ಲೇ ನಿಂತಿದ್ದುದನ್ನು ಇಳಿಸಿದ:

ಕೇಳೋ ಬೇಗ, ಕಾದೂ ಕಾದೂ ಅವಳಿಗ್ ಬಂತು ಗಡ್ಡ!

ಡೀಲಿಯಾಳ ಕೈ ಮೆಲ್ಲಗೆ ತನ್ನ ಗಲ್ಲಕ್ಕೆ ಹೋಯಿತು. ಅಲ್ಲಿ, ಅರವತ್ತಾರು ವರ್ಷದ ಗಲ್ಲದ ಮೇಲೆ, ಬಿಳಿಯ ಕೂದಲು ಮೂರೋ ನಾಲ್ಕೋ ನಿಜವಾಗಿಯೂ ಇದ್ದವು.

“ನಾನು ಕಾಯ್ತಿದೀನಿ ಅಂತ ಯಾರು ಹೇಳಿದ್ರು ನಿಂಗೆ?”

“ಯಾರು ಹೇಳ್ಬೇಕು? ಇಡೀ ಬೀದಿಗೆ ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿರ್ಲಿಲ್ಲ. ಗೊತ್ತಾಗ್ಲಿ ಅಂತಾನೇ ಕಟ್ಟಿದ್ದು.”

ಆಗ ಅವಳು ನಕ್ಕ ನಗುವಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಮೇಜು ಹಿಡಿದುಕೊಂಡು ನಕ್ಕಳು, ಪಕ್ಕೆ ಹಿಡಿದುಕೊಂಡು ನಕ್ಕಳು, ನಡುವೆ ಅತ್ತಳು, ಮತ್ತೆ ಗಲ್ಲ ಮುಟ್ಟಿಕೊಂಡು ನಕ್ಕಳು. ಮಲಾಕಿಗೂ ನಗು ಬಂತು, ಮೊದಲು ಹೆದರಿ ಹೆದರಿ, ಆಮೇಲೆ ತಡೆಯಲಾರದೆ. ಯಾರ ಕೈಯಲ್ಲೂ ಏನೂ ಇರಲಿಲ್ಲ, ಬೀಳುವಂಥದ್ದು ಏನೂ ಇರಲಿಲ್ಲ. ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ.

ನಗು ಮುಗಿದ ಮೇಲೆ ಡೀಲಿಯಾ ಕೈ ತೊಳೆದು, ಗೂಟದಿಂದ ಕೋಟು ತೆಗೆದುಕೊಂಡಳು. “ನಡಿ. ಸ್ಕೂಲು ಬಿಡೋ ಹೊತ್ತು. ಟೀಚರಮ್ಮ ಮನೆಗೆ ಹೋಗೋದ್ರೊಳಗೆ ಬರೆಸ್ಬೇಕು.”

“ಯಾವ್ದು? ಗಡ್ಡದ್ದೂನಾ?” ಮಲಾಕಿ ಗಾಬರಿಯಾದ. “ಚರ್ಚಿನ ಹಬ್ಬ ಡೀಲಿಯಾ! ಮಕ್ಕಳು ಹಾಡೋದು! ಪಾದ್ರಿಗಳು ಮುಂದಿನ ಸಾಲಲ್ಲೇ ಕೂತಿರ್ತಾರೆ!”

“ಹಾಡ್ಲಿ. ಕಿಟಕಿ ಎಲ್ಲ ತೆಗೆದಿಟ್ಟು ಹಾಡ್ಲಿ. ಚರ್ಚಿನ ಹಿಂದೇನೇ ಮಲಗಿದಾನೆ, ಕೇಳ್ಸುತ್ತೆ ಅವನಿಗೆ.” ಗುಂಡಿ ಹಾಕುತ್ತ ಹಾಕುತ್ತ ಅವಳ ಕೈ ನಿಂತಿತು. “ಪಾಪ, ನಾಲ್ಕನೇ ಸಾಲು ಗೊತ್ತಾಗ್ದೇ ಹೋದ ಕಣೋ.”

ಅವಳು ಬಾಗಿಲವರೆಗೆ ಹೋದಳು. ಅವನು ಅಲ್ಲೇ ನಿಂತಿದ್ದ. ಕೇಳದೆ ಹೊರಡಲು ಅವನಿಂದಾಗಲಿಲ್ಲ, ಕೇಳಲು ನಾಲಿಗೆ ಏಳಲಿಲ್ಲ. ಫೆಸ್ಟಸ್‌ನ ಮೂರು ವರ್ಷದ ಶನಿವಾರಗಳು ಎಂಥವು ಎಂದು ಅವನಿಗೆ ಮೊದಲ ಸಲ ಅರ್ಥವಾಯಿತು. ಕುರ್ಚಿಯ ಮೇಲಿನ ಟೋಪಿ ಎತ್ತಿ ಅದರ ಅಂಚನ್ನು ಎರಡು ಸುತ್ತು ತಿರುಗಿಸಿದ.

“ಮುಂದಿನ ಗುರುವಾರ...” ಅಂದ.

ಡೀಲಿಯಾ ತಿರುಗಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಮುಖದಲ್ಲಿ ನಗುವಿರಲಿಲ್ಲ. “ಕಾಲಿನ ಮಾತು ಬೇರೆ ಮಲಾಕಿ. ಅದಕ್ಕೆ ನಿನ್ನ ಮೇಲೆ ನಂಗೆ ಸಿಟ್ಟಿದೆ. ಇವತ್ತು ಹುಟ್ಟಿರೋ ಸಿಟ್ಟು, ಇನ್ನೂ ಎಳೇದು. ಆರೋವರೆಗೂ ಪ್ರತಿ ಗುರುವಾರ ಬಂದು ಬೈಸ್ಕೊಂಡು ಹೋಗ್ಬೇಕು. ತಪ್ಪಿಸ್ಕೊಂಡ್ರೆ ನೋಡು.”

“ಯಾವಾಗ ಆರುತ್ತೆ?”

“ನಿಂಗೇನು ಅವಸರ?” ಎಂದು ಅವಳು ಮೆಟ್ಟಿಲಿಳಿದಳು.